ಲೆಕ್ಕವನ್ನು ಗುತ್ತಿಗೆಗೆ ಕೊಡಬಹುದು, ಹೊಣೆಯನ್ನಲ್ಲ



ವ್ಯಾಪಾರದಲ್ಲಿರುವ ನಮಗೆಲ್ಲ ಒಂದು ಮಾತು ಚೆನ್ನಾಗಿ ಗೊತ್ತು. ಅಂಗಡಿ ಚಿಕ್ಕದಿದ್ದಾಗ ಯಜಮಾನನೇ ತೂಗುತ್ತಾನೆ, ಅವನೇ ಬರೆಯುತ್ತಾನೆ, ಗಲ್ಲಾಪೆಟ್ಟಿಗೆಯ ಬೀಗವೂ ಅವನದೇ ಜೇಬಿನಲ್ಲಿರುತ್ತದೆ. ಅಂಗಡಿ ಬೆಳೆದಂತೆ ತೂಕಕ್ಕೊಬ್ಬ, ಕಿರ್ದಿ ಬರೆಯಲು ದಿವಾಣಜಿ, ಉದ್ರಿ ವಸೂಲಿಗೊಬ್ಬ ಬರುತ್ತಾನೆ. 2017ರಲ್ಲಿ ಜಿ.ಎಸ್.ಟಿ. ಬಂದ ಮೇಲಂತೂ ಲೆಕ್ಕವೇ ಅಂಗಡಿಯಿಂದ ಎದ್ದು ಹೋಗಿ ಟ್ಯಾಕ್ಸ್ ವಕೀಲರ ಕಂಪ್ಯೂಟರಿನಲ್ಲಿ ಕೂತಿದೆ. ಇದರಲ್ಲಿ ತಪ್ಪೇನಿಲ್ಲ. ಆದರೆ ರಿಟರ್ನ್ ತಪ್ಪಿದರೆ ನೋಟೀಸು ಬರುವುದು ಯಾರ ಹೆಸರಿಗೆ? ದಿವಾಣಜಿಯ ಹೆಸರಿಗಲ್ಲ, ವಕೀಲರ ಹೆಸರಿಗಲ್ಲ; ಅಂಗಡಿಯ ಹಲಗೆಯ ಮೇಲೆ ಯಾರ ಹೆಸರಿದೆಯೋ ಅವರಿಗೆ.

ಸರ್ಕಾರಗಳೂ ಈಗ ಇದೇ ದಾರಿ ಹಿಡಿದಿವೆ. ಜನರಿಗೆ ಕೊಡುವ ಸಹಾಯದ ಅರ್ಜಿ ತೆಗೆದುಕೊಳ್ಳುವುದು, ಕಾಗದ ಪರಿಶೀಲಿಸುವುದು, ಲೆಕ್ಕ ಹಾಕುವುದು, ಹಣ ಕಳಿಸುವುದು, ಈ ಕೆಲಸಗಳನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಡುತ್ತಿವೆ. ಅಲ್ಲಿ ಏನಾದರೂ ತಪ್ಪಿದರೆ ನೋಟೀಸು ಯಾರ ಹೆಸರಿಗೆ ಬರುತ್ತದೆ? ಹಾಸಿಗೆ ಹಿಡಿದ ವೃದ್ಧರ ಹಣದ ವಿಷಯದಲ್ಲಿ ಈ ಪ್ರಶ್ನೆ ಬಹಳ ಗಂಭೀರವಾಗುತ್ತದೆ. ಮ್ಯಾಟ್ರಿಕ್‌ವರೆಗೆ ಓದಿ ಆಯುಷ್ಯವೆಲ್ಲ ಪೇಠೆಯಲ್ಲಿ ಕಳೆದ ನಾವು ಇದನ್ನು ಪಂಡಿತರಂತೆ ಹೇಳಲಾರೆವು. ಲೆಕ್ಕ ನೋಡುವವರ ಕಣ್ಣಿನಿಂದ ನೋಡಿ ವಾಚಕರ ಮುಂದೆ ಇಡುತ್ತೇವೆ.

ಉದಾಹರಣೆಗೆ ನಾವು ಆರಿಸಿಕೊಂಡದ್ದು ಐರ್ಲೆಂಡ್ ದೇಶ. ಇಂಗ್ಲೆಂಡಿನ ಪಕ್ಕದ ಚಿಕ್ಕ ದೇಶ ಅದು. ಅಲ್ಲಿಯ ವೃದ್ಧರ ಆರೈಕೆ ಮನೆಗಳಲ್ಲಿ ನಮ್ಮ ದೇಶದಿಂದ, ವಿಶೇಷವಾಗಿ ಕೇರಳದಿಂದ ಹೋದ ದಾದಿಯರು ಬಹಳ ಜನ ಸೇವೆ ಮಾಡುತ್ತಾರೆ. ಆದ್ದರಿಂದ ಕಾಸರಗೋಡು, ವಯನಾಡಿನ ನಮ್ಮ ಓದುಗರಿಗೆ ಈ ಹೆಸರು ಹೊಸದಲ್ಲ. ವೃದ್ಧರ ಆರೈಕೆಯ ಖರ್ಚನ್ನು ಸರ್ಕಾರ ಮತ್ತು ಕುಟುಂಬ ಹೇಗೆ ಹಂಚಿಕೊಳ್ಳಬೇಕು ಎಂಬುದಕ್ಕೆ ಆ ದೇಶ ಕಾಯಿದೆಯನ್ನೇ ಮಾಡಿದೆ. ಹಿಂದೆ ಒಮ್ಮೆ ವೃದ್ಧರಿಗೆ ಸಲ್ಲಬೇಕಾದ ದೊಡ್ಡ ಬಾಕಿ ತೀರಿಸುವ ಕೆಲಸವನ್ನು ಹೊರಗಿನ ಕಂಪನಿಗೆ ಒಪ್ಪಿಸಿದ ಅನುಭವವೂ ಅದಕ್ಕಿದೆ.

ನರ್ಸಿಂಗ್ ಹೋಂ ಎಂದರೆ ಯಾವುದು?

ಮೊದಲು ಶಬ್ದದ ಗೊಂದಲ ತೀರಿಸಿಕೊಳ್ಳೋಣ. ಸೊಲ್ಲಾಪುರದಲ್ಲಾಗಲಿ ಆದೋನಿಯಲ್ಲಾಗಲಿ ನರ್ಸಿಂಗ್ ಹೋಂ ಎಂದರೆ ಡಾಕ್ಟರರೊಬ್ಬರು ನಡೆಸುವ ಚಿಕ್ಕ ಆಸ್ಪತ್ರೆ. ಹೆರಿಗೆಗೋ ಆಪರೇಶನ್ನಿಗೋ ಹೋಗಿ ನಾಲ್ಕು ದಿನಕ್ಕೆ ಮನೆಗೆ ಬರುತ್ತೇವೆ. ಐರ್ಲೆಂಡಿನಲ್ಲಿ ಹಾಗಲ್ಲ. ಲಕ್ವ ಹೊಡೆದವರು, ಮರೆವಿನ ರೋಗ ಬಂದವರು, ತಾವಾಗಿ ಎದ್ದು ಸ್ನಾನ ಮಾಡಲಾರದ ವೃದ್ಧರು ಕೊನೆಯವರೆಗೆ ಇರುವ ಮನೆ ಅದು. ದಾದಿಯರು ಹಗಲೂ ರಾತ್ರಿಯೂ ಇರುತ್ತಾರೆ. ನಮ್ಮ ಭಾಷೆಯಲ್ಲಿ ಅದನ್ನು ವೃದ್ಧರ ಆರೈಕೆ ಮನೆ ಎನ್ನಬಹುದು. ಇದರ ಖರ್ಚು ಒಂದು ಸಲ ಕಟ್ಟಿ ಮುಗಿಯುವಂಥದ್ದಲ್ಲ, ವಾರ ವಾರಕ್ಕೂ ಕಟ್ಟಬೇಕು. ಎರಡು ವರ್ಷವೋ ಎಂಟು ವರ್ಷವೋ ಯಾರೂ ಹೇಳಲಾರರು. ಒಬ್ಬರ ಜೀವಮಾನದ ಉಳಿತಾಯ ಅದರಲ್ಲೇ ಕರಗಿಹೋಗಬಹುದು.

ವೃದ್ಧರಿಂದ ಕಾನೂನಿಲ್ಲದೆ ತೆಗೆದುಕೊಂಡ ಹಣ

ಐರ್ಲೆಂಡಿನಲ್ಲಿ 1970ರ ಆರೋಗ್ಯ ಕಾಯಿದೆಯ ಪ್ರಕಾರ, ಬಡವರಿಗೆ ಕೊಡುವ ಮೆಡಿಕಲ್ ಕಾರ್ಡ್ ಇದ್ದವರಿಗೆ ಸರ್ಕಾರಿ ಸಂಸ್ಥೆಗಳಲ್ಲಿ ಒಳರೋಗಿ ಸೇವೆ ಪುಕ್ಕಟೆ ಸಿಗಬೇಕಾಗಿತ್ತು. ಆದರೂ 1976ರಿಂದ ಆರೈಕೆ ಸಂಸ್ಥೆಗಳಲ್ಲಿ ದೀರ್ಘಕಾಲ ಇದ್ದ ವೃದ್ಧರಿಂದ ಅವರ ಪಿಂಚಣಿಯ ದೊಡ್ಡ ಭಾಗವನ್ನು ಆರೈಕೆಯ ಶುಲ್ಕವೆಂದು ತೆಗೆದುಕೊಳ್ಳಲಾಗುತ್ತಿತ್ತು. 2001ರಲ್ಲಿ 70 ವರ್ಷ ದಾಟಿದ ಎಲ್ಲರಿಗೂ ಮೆಡಿಕಲ್ ಕಾರ್ಡ್ ಕೊಟ್ಟ ಮೇಲೆ ಈ ಶುಲ್ಕಕ್ಕೆ ಆಧಾರವಿಲ್ಲವೆಂಬುದು ಇನ್ನೂ ಸ್ಪಷ್ಟವಾಯಿತು. ವಸೂಲಿ ಮಾತ್ರ ನಿಲ್ಲಲಿಲ್ಲ. ಕೊನೆಗೆ 2004ರ ಡಿಸೆಂಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು.

ಆಗ ಸರ್ಕಾರ ಮಾಡಿದ್ದೇನು? ಹಿಂದೆ ತೆಗೆದುಕೊಂಡದ್ದೆಲ್ಲ ಸಕ್ರಮವೆಂದು ಹೇಳುವ ಮಸೂದೆಯನ್ನು ಸಂಸತ್ತಿನಲ್ಲಿ ಪಾಸು ಮಾಡಿಸಿತು. ಅಲ್ಲಿಯ ರಾಷ್ಟ್ರಾಧ್ಯಕ್ಷೆ ಮೇರಿ ಮ್ಯಾಕಲೀಸ್ ಅವರು ಅದಕ್ಕೆ ಸಹಿ ಹಾಕುವ ಮೊದಲು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. 2005ರ ಫೆಬ್ರವರಿ 16ರಂದು ಕೋರ್ಟು, ಮುಂದಿನ ದಿನಗಳಿಗೆ ಕಾಯಿದೆ ಮಾಡಿ ಶುಲ್ಕ ಹಾಕಬಹುದು, ಆದರೆ ಈಗಾಗಲೇ ಕಾನೂನಿಲ್ಲದೆ ತೆಗೆದುಕೊಂಡ ಹಣದ ಮೇಲಿನ ವೃದ್ಧರ ಹಕ್ಕನ್ನು ಅಳಿಸಲು ಬರುವುದಿಲ್ಲ, ಅದು ಅವರ ಆಸ್ತಿ ಎಂದು ತೀರ್ಪು ಕೊಟ್ಟಿತು. ವ್ಯಾಪಾರಸ್ಥರಿಗೆ ಈ ಮಾತು ತಟ್ಟನೆ ತಿಳಿಯುತ್ತದೆ. ಬರಬೇಕಾದ ಬಾಕಿಯೂ ನಮ್ಮ ಆಸ್ತಿಯೇ. ಸಾಲಗಾರ ಎಷ್ಟು ದೊಡ್ಡವನಿದ್ದರೂ ನಮ್ಮ ಖಾತೆಯಲ್ಲಿನ ಬಾಕಿಗೆ ತಾನೇ ಗೆರೆ ಹೊಡೆಯಲಾರ.

ಬಾಕಿ ತೀರಿಸುವ ಕೆಲಸ ಗುತ್ತಿಗೆಗೆ

ಹೀಗೆ ಹಣ ಹಿಂದಕ್ಕೆ ಕೊಡುವುದು ನಿಶ್ಚಯವಾಯಿತು. 2006ರಲ್ಲಿ ಅದಕ್ಕೆಂದೇ ಮರುಪಾವತಿ ಕಾಯಿದೆ ಬಂತು. ಬದುಕಿರುವವರಿಗೆ ಅವರ ಹಣ, 1998ರ ಡಿಸೆಂಬರ್ 9ರ ನಂತರ ತೀರಿಹೋದವರ ಹಣ ಅವರ ವಾರಸುದಾರರಿಗೆ. ಹಣದ ಬೆಲೆ ಇಳಿದದ್ದನ್ನು ಲೆಕ್ಕ ಹಿಡಿದು ಸ್ವಲ್ಪ ಕೂಡಿಸಿ ಕೊಡಬೇಕು. ಒಟ್ಟು 100 ಕೋಟಿ ಯೂರೋದಷ್ಟು ಆಗಬಹುದೆಂಬುದು ಆಗಿನ ಅಂದಾಜು. ಒಂದು ಯೂರೋ ಎಂದರೆ ಸುಮಾರು 100 ರೂಪಾಯಿ ಎಂದು ಹಿಡಿದರೆ ಮೊತ್ತದ ಗಾತ್ರ ತಿಳಿಯುತ್ತದೆ.

ಇಂಥ ಕೆಲಸ ಎಷ್ಟು ಜಟಿಲ ಎಂಬುದನ್ನು ಯೋಚಿಸಿ. ಮೂವತ್ತು ವರ್ಷದ ಹಳೆಯ ರಿಜಿಸ್ಟರುಗಳನ್ನು ಹುಡುಕಬೇಕು. ಯಾರು ಎಷ್ಟು ವಾರ ಇದ್ದರು, ಎಷ್ಟು ಕಟ್ಟಿದರು ಎಂದು ತೆಗೆಯಬೇಕು. ಸತ್ತವರ ನಿಜವಾದ ವಾರಸುದಾರರು ಯಾರೆಂದು ನೋಡಬೇಕು. ಒಂದೇ ಹಣಕ್ಕೆ ಇಬ್ಬರು ಅಣ್ಣತಮ್ಮಂದಿರು ಬೇರೆ ಬೇರೆ ಅರ್ಜಿ ಹಾಕಬಹುದು. ನೆನಪು ಕಳೆದುಕೊಂಡ ವೃದ್ಧರ ಹಣ ಬೇರೆಯವರ ಕೈಗೆ ಹೋಗದಂತೆ ಕಾಯಬೇಕು.

2005ರ ಜನವರಿಯಲ್ಲಿ ಹುಟ್ಟಿದ ಅಲ್ಲಿಯ ಸರ್ಕಾರಿ ಆರೋಗ್ಯ ಸಂಸ್ಥೆ ಎಚ್.ಎಸ್.ಇ. ಈ ಆಡಳಿತವನ್ನು ಹೊರಗಿನವರಿಗೆ ಒಪ್ಪಿಸಿತು. ಲೆಕ್ಕ ತಪಾಸಣೆಯ ಕೆ.ಪಿ.ಎಂ.ಜಿ. ಸಂಸ್ಥೆ ಮತ್ತು ಮೆಕ್‌ಕ್ಯಾನ್ ಫಿಟ್ಜ್‌ಜೆರಾಲ್ಡ್ ಎಂಬ ವಕೀಲರ ಸಂಸ್ಥೆ ಕೂಡಿ ಅದನ್ನು ವಹಿಸಿಕೊಂಡವು. ಇದಕ್ಕೆ ಕಾರಣವಿತ್ತು. ಇದು ಎಂದೆಂದಿಗೂ ನಡೆಯುವ ಕೆಲಸವಲ್ಲ, ಒಂದು ಸಲ ಮುಗಿಸಬೇಕಾದದ್ದು. ಅದಕ್ಕೆಂದು ನೂರಾರು ಕಾಯಂ ನೌಕರರನ್ನು ತೆಗೆದುಕೊಂಡರೆ ಕೆಲಸ ಮುಗಿದ ಮೇಲೆ ಅವರನ್ನು ಏನು ಮಾಡುವುದು? ಸುಗ್ಗಿಯಲ್ಲಿ ನಾವು ಹೆಚ್ಚಿನ ಹಮಾಲರನ್ನು ಕರೆಯುವುದಿಲ್ಲವೇ? ಇನ್ನೊಂದು ಕಾರಣವೂ ಇತ್ತೆಂದು ನಮಗೆ ತೋರುತ್ತದೆ. ಹಣ ತೆಗೆದುಕೊಂಡವರೇ ಅದನ್ನು ಹಿಂದಿರುಗಿಸುವ ಲೆಕ್ಕ ಬರೆದರೆ ಜನ ನಂಬುವುದು ಕಷ್ಟ. ನಡುವೆ ಮೂರನೆಯವರ ಕೈ ಇದ್ದರೆ ಒಳ್ಳೆಯದೇ.

ಅರ್ಜಿಗೆ 2007ರ ಡಿಸೆಂಬರ್ 31 ಕೊನೆಯ ದಿನವಾಗಿತ್ತು. ಲೆಕ್ಕ ತೀರಿ ಹಣ ಕೊಡುವ ಕೆಲಸ ಅದರ ನಂತರವೂ ವರ್ಷಗಟ್ಟಲೆ ನಡೆಯಿತು. ಕೊನೆಗೆ 40 ಕೋಟಿ ಯೂರೋಗೂ ಹೆಚ್ಚು ಹಣ ವೃದ್ಧರಿಗೂ ವಾರಸುದಾರರಿಗೂ ಹೋಯಿತು. ತಡವಾಯಿತೆಂಬುದು ನಿಜ. ಎಂಬತ್ತೈದು ವರ್ಷದವರಿಗೆ ಒಂದು ವರ್ಷ ತಡ ಎಂದರೆ ಕೆಲವು ಸಲ ಎಂದೂ ಸಿಗದಂತೆಯೇ. ಆದರೂ ಈ ವ್ಯವಸ್ಥೆಯಲ್ಲಿ ಎರಡು ಒಳ್ಳೆಯ ಅಂಶಗಳನ್ನು ಕಾಣುತ್ತೇವೆ. ಯಾರಿಗೆ ಹಣ ಸಲ್ಲಬೇಕು ಎಂಬ ನಿಯಮವನ್ನು ಸಂಸತ್ತು ಕಾಯಿದೆಯಲ್ಲೇ ಬರೆದಿತ್ತು, ಕಂಪನಿಯ ಮರ್ಜಿಗೆ ಬಿಟ್ಟಿರಲಿಲ್ಲ. ಕಂಪನಿಯ ಲೆಕ್ಕ ಒಪ್ಪದಿದ್ದವರು ಮೇಲ್ಮನವಿ ಸಲ್ಲಿಸಲು ಬೇರೆ ಅಧಿಕಾರಿಗಳಿದ್ದರು.

ಹೊಸ ಯೋಜನೆಯ ಲೆಕ್ಕ

ಈ ಪೆಟ್ಟು ತಿಂದ ಮೇಲೆ ಐರ್ಲೆಂಡ್ 2009ರಲ್ಲಿ ಆರೈಕೆ ಮನೆಗಳ ಸಹಾಯಕ್ಕೆ ಹೊಸ ಕಾಯಿದೆ ಮಾಡಿತು. ಆ ವರ್ಷದ ಅಕ್ಟೋಬರ್ 27ರಿಂದ ಅದು ಜಾರಿಗೆ ಬಂತು. ಜನ ಅದನ್ನು ಫೇರ್ ಡೀಲ್, ಅಂದರೆ ನ್ಯಾಯದ ವ್ಯವಹಾರ, ಎಂದು ಕರೆಯುತ್ತಾರೆ. 20,000ಕ್ಕೂ ಹೆಚ್ಚು ವೃದ್ಧರು ಇದರ ಆಸರೆಯಲ್ಲಿದ್ದಾರೆ. ವರ್ಷಕ್ಕೆ 100 ಕೋಟಿ ಯೂರೋಗೂ ಮೀರಿ ಸರ್ಕಾರಿ ಹಣ ಇದಕ್ಕೆ ಹೋಗುತ್ತದೆ.

ಲೆಕ್ಕ ಹೀಗಿದೆ. ಒಂಟಿ ವೃದ್ಧರು ತಮ್ಮ ಆದಾಯದ ನೂರಕ್ಕೆ 80 ಭಾಗ ಕೊಡಬೇಕು. ಆಸ್ತಿಯ ಬೆಲೆಯಲ್ಲಿ ವರ್ಷಕ್ಕೆ ನೂರಕ್ಕೆ 7.5 ಭಾಗ ಕೊಡಬೇಕು. ಮೊದಲು ಇದು 5 ಇತ್ತು, 2013ರಲ್ಲಿ ಏರಿಸಿದರು. ಆಸ್ತಿಯ ಮೊದಲ 36,000 ಯೂರೋ ಲೆಕ್ಕಕ್ಕಿಲ್ಲ. ಗಂಡ ಹೆಂಡಿರಲ್ಲಿ ಒಬ್ಬರು ಮನೆಯಲ್ಲೇ ಇದ್ದರೆ ಭಾಗ ಅರ್ಧವಾಗುತ್ತದೆ. ವಾಸದ ಮನೆಯನ್ನು ಮೊದಲ 3 ವರ್ಷ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಆದ್ದರಿಂದ ಒಂಟಿಯಾಗಿದ್ದವರು ಹತ್ತು ವರ್ಷ ಆರೈಕೆ ಮನೆಯಲ್ಲಿದ್ದರೂ ವಾಸದ ಮನೆಯ ಬೆಲೆಯಲ್ಲಿ ನೂರಕ್ಕೆ 22.5 ಭಾಗಕ್ಕಿಂತ ಹೆಚ್ಚು ಹೋಗುವುದಿಲ್ಲ. ಅರ್ಜಿಗೆ ಹಿಂದಿನ 5 ವರ್ಷದೊಳಗೆ ಮಕ್ಕಳ ಹೆಸರಿಗೆ ಬರೆದುಕೊಟ್ಟ ಆಸ್ತಿಯೂ ವೃದ್ಧರದೇ ಎಂದು ಲೆಕ್ಕ.

ನಾವೇ ಒಂದು ಕಲ್ಪಿತ ಲೆಕ್ಕ ಹಾಕಿ ನೋಡೋಣ. ಒಬ್ಬರಿಗೆ ವಾರಕ್ಕೆ 300 ಯೂರೋ ಪಿಂಚಣಿ, 2,50,000 ಯೂರೋ ಬೆಲೆಯ ಮನೆ, ಬ್ಯಾಂಕಿನಲ್ಲಿ 56,000 ಯೂರೋ ಇದೆ ಎನ್ನೋಣ. ಆರೈಕೆ ಮನೆಯ ಖರ್ಚು ವಾರಕ್ಕೆ 1,200, ಅಂದರೆ ವರ್ಷಕ್ಕೆ 62,400. ಪಿಂಚಣಿಯಿಂದ ವಾರಕ್ಕೆ 240ರಂತೆ ವರ್ಷಕ್ಕೆ 12,480 ಹೋಗುತ್ತದೆ. ಬ್ಯಾಂಕಿನ ಹಣದಲ್ಲಿ 36,000 ಕಳೆದು ಉಳಿದ 20,000ಕ್ಕೆ 1,500. ಮನೆಯ ಮೇಲೆ 18,750. ಒಟ್ಟು 32,730 ಅವರ ಪಾಲು, ಉಳಿದ 29,670 ಸರ್ಕಾರದ್ದು. ಇದು ಮೊದಲ ವರ್ಷದ ಮಾತು. ಮೂರು ವರ್ಷ ಕಳೆದ ಮೇಲೆ ಮನೆಯ ಪಾಲು ನಿಲ್ಲುತ್ತದೆ.

ಮನೆಯ ಪಾಲನ್ನು ಕೂಡಲೇ ರೋಖ ಕೊಡಬೇಕೆಂದಿಲ್ಲ. ಸರ್ಕಾರವೇ ಅದನ್ನು ಸಾಲವಾಗಿ ಕಟ್ಟುತ್ತದೆ, ಮನೆಯ ಕಾಗದದ ಮೇಲೆ ಬೋಜಾ ಬರೆಸಿಕೊಳ್ಳುತ್ತದೆ. ವೃದ್ಧರು ತೀರಿಕೊಂಡ ನಂತರ 12 ತಿಂಗಳೊಳಗೆ ವಾರಸುದಾರರು ಅದನ್ನು ತೀರಿಸಬೇಕು. ಬದುಕಿರುವಾಗ ಮನೆ ಮಾರಿ ಬೀದಿಗೆ ಬರುವ ಪ್ರಸಂಗ ಇದರಿಂದ ತಪ್ಪುತ್ತದೆ.

ಅಂಗಡಿ, ಹೊಲದ ವಿಷಯ

ನಮ್ಮ ಓದುಗರು ಇಲ್ಲಿ ಸ್ವಲ್ಪ ನಿಂತು ಓದಬೇಕು. ವಾಸದ ಮನೆಗೆ ಇದ್ದ 3 ವರ್ಷದ ಮಿತಿ ಅಂಗಡಿಗೂ ಹೊಲಕ್ಕೂ ಮೊದಲು ಸಾಮಾನ್ಯವಾಗಿ ಇರಲಿಲ್ಲ. ಏಕಾಏಕಿ ಕಾಯಿಲೆ ಬಿದ್ದವರಂಥ ಕೆಲವರಿಗೆ ಮಾತ್ರ ಅದು ಸಿಗುತ್ತಿತ್ತು. ಉಳಿದವರಿಗೆ ತಂದೆ ಎಷ್ಟು ವರ್ಷ ಹಾಸಿಗೆಯ ಮೇಲಿದ್ದರೆ ಅಷ್ಟು ವರ್ಷವೂ ಅಂಗಡಿಯ ಬೆಲೆಯಲ್ಲಿ ನೂರಕ್ಕೆ 7.5 ಭಾಗ ಕೂಡುತ್ತ ಹೋಗುತ್ತಿತ್ತು. ಹತ್ತು ವರ್ಷವಾದರೆ ಏನಾಗುತ್ತದೆ? ಅಂಗಡಿಯ ಮುಕ್ಕಾಲು ಪಾಲು ಹೋದಂತೆಯೇ. ಅದೇ ಅಂಗಡಿಯಲ್ಲಿ ಹಗಲಿಡೀ ದುಡಿಯುವ ಮಗನಿಗೆ ಉಳಿಯುವುದೇನು?

ರೈತರೂ ಚಿಕ್ಕ ವ್ಯಾಪಾರಸ್ಥರೂ ಬಹಳ ವರ್ಷ ಇದನ್ನೇ ಹೇಳುತ್ತ ಬಂದರು. 2021ರಲ್ಲಿ ಕಾಯಿದೆ ತಿದ್ದುಪಡಿಯಾಗಿ ಆ ವರ್ಷದ ಅಕ್ಟೋಬರಿನಿಂದ ಜಾರಿಗೆ ಬಂತು. ಕುಟುಂಬದ ಉತ್ತರಾಧಿಕಾರಿಯೊಬ್ಬರು ಆ ಹೊಲವನ್ನೋ ಅಂಗಡಿಯನ್ನೋ 6 ವರ್ಷ ನಡೆಸುವೆವೆಂದು ಒಪ್ಪಿಕೊಂಡರೆ ಅದಕ್ಕೂ 3 ವರ್ಷದ ಮಿತಿ ಸಿಗುತ್ತದೆ. ತಂದೆಯ ಆರೈಕೆ ಮತ್ತು ಮಗನ ಜೀವನೋಪಾಯ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ತಿದ್ದುಪಡಿ ಇದು.

ಈಗ ನೋಡಿ. ಮನೆಯ ಬೆಲೆ ಎಷ್ಟು, ಮಗ ನಿಜವಾಗಿ ಅಂಗಡಿಯಲ್ಲಿ ಕೂರುತ್ತಾನೆಯೇ, ಬರೆದುಕೊಟ್ಟ ಹೊಲ 5 ವರ್ಷದ ಒಳಗಿನದೋ ಹೊರಗಿನದೋ, ವೃದ್ಧರಿಗೆ ಮನೆಯಲ್ಲಿರಲು ನಿಜಕ್ಕೂ ಆಗುವುದಿಲ್ಲವೇ, ಹೀಗೆ ಒಂದೊಂದು ಅರ್ಜಿಯಲ್ಲೂ ಎಷ್ಟು ತೀರ್ಮಾನಗಳಿವೆ! ಬರೀ ಕೂಡಿಸಿ ಕಳೆಯುವ ಲೆಕ್ಕವಾಗಿದ್ದರೆ ಯಾರಾದರೂ ಮಾಡಿಯಾರು. ಇದರಲ್ಲಿ ಒಂದು ಕುಟುಂಬದ ಬದುಕೇ ಇದೆ.

ಯಾರ ಕೈಯಲ್ಲಿ ಏನು?

ಐರ್ಲೆಂಡಿನಲ್ಲಿ ಈಗಿರುವ ಏರ್ಪಾಟು ವಿಚಾರ ಮಾಡುವಂತಿದೆ. ಆರೈಕೆ ಮನೆಗಳು ಹೆಚ್ಚಿನವು ಖಾಸಗಿಯವರವು. ಹಾಸಿಗೆ, ಊಟ, ದಾದಿ ಎಲ್ಲ ಅವರದೇ. ಆದರೆ ಅರ್ಜಿ ತೆಗೆದುಕೊಂಡು ಆರೈಕೆಯ ಅಗತ್ಯವನ್ನೂ ಆಸ್ತಿಯನ್ನೂ ನೋಡಿ ತೀರ್ಮಾನ ಹೇಳುವುದು ಎಚ್.ಎಸ್.ಇ. ಖಾಸಗಿ ಮನೆಗಳೊಂದಿಗೆ ದರ ಮಾತಾಡುವುದು ಎನ್.ಟಿ.ಪಿ.ಎಫ್. ಎಂಬ ಬೇರೊಂದು ಸರ್ಕಾರಿ ಸಂಸ್ಥೆ. ಮನೆಗಳಿಗೆ ಹೋಗಿ ಸ್ವಚ್ಛತೆ, ಆರೈಕೆ ತಪಾಸಣೆ ಮಾಡುವುದು ಹಿಕ್ವಾ ಎಂಬ ಇನ್ನೊಂದು ಸಂಸ್ಥೆ. ಸಾಲದ ವಸೂಲಿ ತೆರಿಗೆ ಇಲಾಖೆಯದು. ದರ ಮಾತಾಡುವವನು, ಮಾಲು ನೋಡುವವನು, ಹಣ ಎಣಿಸುವವನು ಒಬ್ಬನೇ ಆಗಿರಬಾರದೆಂಬುದು ನಮ್ಮ ಅಡತಿ ಅಂಗಡಿಗಳ ಹಳೆಯ ಪಾಠ. ಅದನ್ನೇ ಅವರೂ ಮಾಡಿದ್ದಾರೆ.

ಆದರೂ ಅರ್ಜಿ ಹೆಚ್ಚಾದಂತೆ, ನೌಕರರು ಸಾಲದಾದಂತೆ ಈ ಕಚೇರಿ ಕೆಲಸವನ್ನೂ ಕಂಪನಿಗೆ ಕೊಟ್ಟುಬಿಡೋಣ ಎಂಬ ವಿಚಾರ ಎಲ್ಲ ದೇಶಗಳಲ್ಲೂ ಬರುತ್ತದೆ. ಇದರಲ್ಲಿ ಲಾಭವೇ ಇಲ್ಲವೆಂದು ನಾವು ಹೇಳುವುದಿಲ್ಲ. ಕಂಪನಿಯವರಲ್ಲಿ ಒಳ್ಳೆಯ ಕಂಪ್ಯೂಟರುಗಳಿರುತ್ತವೆ, ತಿಳಿದ ಜನ ಇರುತ್ತಾರೆ, ಕೆಲಸ ಹೆಚ್ಚಾದಾಗ ಹೆಚ್ಚು ಜನರನ್ನು ಹಚ್ಚುತ್ತಾರೆ. ಆದರೆ ಅಪಾಯ ಎಲ್ಲಿದೆ ಎಂಬುದಕ್ಕೆ ಪಕ್ಕದ ಇಂಗ್ಲೆಂಡಿನ ಒಂದು ಪ್ರಸಂಗ ನೋಡಿರಿ. ಅದು ವೃದ್ಧರ ಆರೈಕೆಯದಲ್ಲ, ಡಾಕ್ಟರರ ಕಚೇರಿ ಕೆಲಸದ್ದು. ಗುತ್ತಿಗೆಯ ಸ್ವಭಾವ ಮಾತ್ರ ಒಂದೇ.

2015ರಲ್ಲಿ ಅಲ್ಲಿಯ ಆರೋಗ್ಯ ಸೇವೆಯವರು ಡಾಕ್ಟರರು, ದಂತವೈದ್ಯರಿಗೆ ಹಣ ಕೊಡುವುದು, ರೋಗಿಗಳ ದಾಖಲೆ ಸಾಗಿಸುವುದು, ತಪಾಸಣೆಯ ಪತ್ರ ಕಳಿಸುವುದು ಮುಂತಾದ ಕೆಲಸವನ್ನು ಕ್ಯಾಪಿಟಾ ಎಂಬ ಕಂಪನಿಗೆ ಏಳು ವರ್ಷದ ಗುತ್ತಿಗೆಗೆ ಕೊಟ್ಟರು. ಖರ್ಚನ್ನು ನೂರಕ್ಕೆ 35ರಷ್ಟು ಇಳಿಸುವ ಗುರಿ ಇತ್ತು. ಕಂಪನಿ ಸ್ಥಳೀಯ ಕಚೇರಿಗಳನ್ನು ಅವಸರದಿಂದ ಮುಚ್ಚಿತು. 2018ರ ಮೇ ತಿಂಗಳಲ್ಲಿ ಅಲ್ಲಿಯ ರಾಷ್ಟ್ರೀಯ ಲೆಕ್ಕ ತಪಾಸಣಾ ಕಚೇರಿ ವರದಿ ಕೊಟ್ಟಿತು. ಮೊದಲ ಎರಡು ವರ್ಷದಲ್ಲಿ 6 ಕೋಟಿ ಪೌಂಡ್ ಉಳಿತಾಯವಾಗಿತ್ತು. ಆದರೆ ಸೇವೆ ಕೆಟ್ಟಿತ್ತು. ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಪಾಸಣೆ ಪಟ್ಟಿಯಲ್ಲಿ ನೀವಿಲ್ಲವೆಂದು 87 ಹೆಣ್ಣುಮಕ್ಕಳಿಗೆ ತಪ್ಪು ತಿಳಿವಳಿಕೆ ಹೋಗಿತ್ತು. ಉಳಿತಾಯ ಸರ್ಕಾರದ ಜಮೆಯಲ್ಲಿ ಕಂಡಿತು. ಖರ್ಚು ಮಾತ್ರ ಡಾಕ್ಟರರ, ರೋಗಿಗಳ ಹೆಸರಿಗೆ ಬಿತ್ತು. ಒಂದು ಕಡೆಯ ಪುಟ ಮಾತ್ರ ನೋಡಿ ಲಾಭ ಎನ್ನುವವರನ್ನು ನಮ್ಮ ಪೇಠೆಯಲ್ಲಿ ವ್ಯಾಪಾರಸ್ಥರೆಂದು ಕರೆಯುವುದಿಲ್ಲ.

ನಮ್ಮ ಕಡೆಯ ಮಾತು

ನಮಗೂ ಇದು ಹತ್ತಿರದ ವಿಷಯವೇ. ಆರೋಗ್ಯ ವಿಮೆಯ ಕ್ಲೇಮು ನೋಡುವ ಮೂರನೆಯ ಸಂಸ್ಥೆಗಳಿಗೆ, ಅಂದರೆ ಟಿ.ಪಿ.ಎ.ಗಳಿಗೆ, 2001ರಲ್ಲಿ ನಮ್ಮ ದೇಶದಲ್ಲಿ ನಿಯಮಗಳಾದವು. ಮಹಾರಾಷ್ಟ್ರದಲ್ಲಿ 2012ರ ಜುಲೈನಲ್ಲಿ ರಾಜೀವ ಗಾಂಧಿ ಜೀವನದಾಯಿ ಆರೋಗ್ಯ ಯೋಜನೆ ಶುರುವಾದಾಗ ಮೊದಲ ಎಂಟು ಜಿಲ್ಲೆಗಳಲ್ಲಿ ಸೊಲ್ಲಾಪುರವೂ ಒಂದಾಗಿತ್ತು. ಹಣ ಸರ್ಕಾರದ್ದು, ವಿಮೆ ವಿಮಾ ಕಂಪನಿಯದು, ಕಾಗದದ ಕೆಲಸ ಟಿ.ಪಿ.ಎ.ಗಳದು. ಅದೇ ಯೋಜನೆ 2017ರಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಅವರ ಹೆಸರು ಪಡೆಯಿತು. ಆಸ್ಪತ್ರೆಯ ಬಾಗಿಲಲ್ಲಿ ಕೂರುವ ಆರೋಗ್ಯಮಿತ್ರರನ್ನು ಬಹಳ ಜನ ನೋಡಿದ್ದೇವೆ. ಒಳ್ಳೆಯ ಆರೋಗ್ಯಮಿತ್ರನೊಬ್ಬ ಸಿಕ್ಕರೆ ಓದು ಬಾರದ ಮನೆಯವರ ಅರ್ಧ ಚಿಂತೆ ಹೋಗುತ್ತದೆ. ಗುತ್ತಿಗೆಯ ವ್ಯವಸ್ಥೆಯಲ್ಲೂ ಎದುರಿಗೊಬ್ಬ ಮನುಷ್ಯ ಇದ್ದರೆ ಎಷ್ಟು ಅನುಕೂಲ ಎಂಬುದಕ್ಕೆ ಇದೇ ಸಾಕ್ಷಿ.

ಮನುಷ್ಯ ಇಲ್ಲದಿದ್ದರೆ ಏನಾಗುತ್ತದೆಂಬುದನ್ನೂ ಕಂಡಿದ್ದೇವೆ. ನಮ್ಮ ಮನೆಯ ಹಿರಿಯರೊಬ್ಬರ ಮೊಣಕಾಲಿನ ಆಪರೇಶನ್ನಾದಾಗ ಖಾಸಗಿ ವಿಮೆಯ ಕ್ಲೇಮು ಅರ್ಧಕ್ಕೆ ಕತ್ತರಿಸಿ ಬಂತು. ವಿಮಾ ಕಂಪನಿಗೆ ಕೇಳಿದರೆ ಅದು ಟಿ.ಪಿ.ಎ. ತೀರ್ಮಾನ ಎಂದರು. ಟಿ.ಪಿ.ಎ.ಗೆ ಫೋನು ಮಾಡಿದರೆ ಅದು ಕಂಪನಿಯ ನಿಯಮ ಎಂದರು. ಆಸ್ಪತ್ರೆಯವರು ನಮಗೆ ಸಂಬಂಧವಿಲ್ಲ ಎಂದರು. ನಾಲ್ಕು ತಿಂಗಳು ನಮ್ಮ ಹುಡುಗರು ಫೋನು ಹಿಡಿದು ಕೂತರು. ಯಾರು ಕತ್ತರಿಸಿದರು, ಯಾವ ಕಲಮಿನ ಮೇಲೆ ಕತ್ತರಿಸಿದರು ಎಂದು ಒಂದು ಹೆಸರು, ಒಂದು ಸಹಿ ಸಿಗಲಿಲ್ಲ. ಹಣಕ್ಕಿಂತ ಹೆಚ್ಚಾಗಿ ಆ ಹಿರಿಯರಿಗೆ ನೋವಾದದ್ದು ಇದೇ. ಐವತ್ತು ವರ್ಷ ತಮ್ಮ ಸಹಿಯ ಮೇಲೆ ವ್ಯಾಪಾರ ಮಾಡಿದವರು ಅವರು.

ಮೂರು ಕಡೆ ಕೈ ತೋರಿಸುವ ಈ ವ್ಯವಸ್ಥೆ ಹಾಸಿಗೆ ಹಿಡಿದ ವೃದ್ಧರ ಪಾಲಿಗೆ ಬಂದರೆ ಹೇಗೆ? ಅವರಿಗೆ ಫೋನು ಮಾಡುವ ಶಕ್ತಿಯೂ ಇರುವುದಿಲ್ಲ, ಕಾಯುವ ಕಾಲವೂ ಇರುವುದಿಲ್ಲ.

ಗುತ್ತಿಗೆ ಕೊಡುವಾಗ ನೋಡಬೇಕಾದ ಮಾತುಗಳು

ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾ ಮಾಡಿದ್ದು ಉತ್ತಮ ಎಂಬ ಗಾದೆಯನ್ನು ಹಿರಿಯರು ಹೇಳುತ್ತಾರೆ. ಆದರೆ ಲಕ್ಷಾಂತರ ಜನರ ಲೆಕ್ಕವನ್ನು ಸರ್ಕಾರ ಎಲ್ಲವನ್ನೂ ತಾನೇ ಮಾಡಲಾರದು. ಆದ್ದರಿಂದ ಗಾದೆಯನ್ನು ಸ್ವಲ್ಪ ಸಡಿಲಿಸಿ ಈ ಐದು ಮಾತು ಹೇಳುತ್ತೇವೆ.

1. ಬರೆಯುವ ಕೆಲಸ ಬೇರೆ, ತೀರ್ಮಾನದ ಕೆಲಸ ಬೇರೆ. ಅರ್ಜಿ ಜೋಡಿಸುವುದು, ಅಂಕಿ ತುಂಬುವುದು, ಹಣ ಕಳಿಸುವುದು ಗುತ್ತಿಗೆಗೆ ಹೋಗಲಿ. ಈ ವೃದ್ಧರಿಗೆ ಸಹಾಯ ಸಲ್ಲುತ್ತದೆ, ಇವರಿಗೆ ಇಲ್ಲ ಎಂಬ ಸಹಿ ಸರ್ಕಾರಿ ಅಧಿಕಾರಿಯದೇ ಇರಲಿ. ಆ ಅಧಿಕಾರಿಯ ಹೆಸರು ಪತ್ರದಲ್ಲಿರಲಿ.

2. ಕಂಪನಿಯ ಕೂಲಿ ಹೇಗೆ ಕೊಡುತ್ತೇವೆ ಎಂಬುದರ ಮೇಲೆ ಕೆಲಸದ ಗುಣ ನಿಲ್ಲುತ್ತದೆ. ಚೀಲಕ್ಕಿಷ್ಟು ಎಂದು ಹಮಾಲಿ ಕೊಟ್ಟರೆ ಚೀಲ ಬೇಗ ಇಳಿಯುತ್ತದೆ, ಒಡೆಯುವುದೂ ಹೆಚ್ಚು. ಅರ್ಜಿಗಿಷ್ಟು ಎಂದು ಕೊಟ್ಟರೆ ಸುಲಭದ ಅರ್ಜಿ ಮೊದಲು ಮುಗಿಯುತ್ತದೆ, ತೊಡಕಿನ ಅರ್ಜಿ ಕೆಳಗೆ ಬೀಳುತ್ತದೆ. ಬೇಡ ಎಂದದ್ದಕ್ಕೆ ಬಹುಮಾನ ಕೊಟ್ಟರಂತೂ ಹೇಳುವುದೇ ಬೇಡ.

3. ಮೇಲ್ಮನವಿ ಗುತ್ತಿಗೆಯವರ ಹತ್ತಿರವೇ ಹೋಗಬಾರದು. ತಕ್ಕಡಿ ಯಾರದೋ ಅವರಿಂದಲೇ ಮರುತೂಕ ಮಾಡಿಸಿದರೆ ನ್ಯಾಯ ಸಿಗುವುದಿಲ್ಲ.

4. ಕಾಗದ ಯಾರ ಹತ್ತಿರ ಉಳಿಯುತ್ತದೆ ಎಂಬುದನ್ನು ಮೊದಲೇ ಬರೆದಿರಬೇಕು. ವೃದ್ಧರ ರೋಗ, ಬ್ಯಾಂಕು, ಆಸ್ತಿ, ಮನೆಯ ಜಗಳ ಎಲ್ಲ ಆ ಕಡತದಲ್ಲಿರುತ್ತದೆ. ಗುತ್ತಿಗೆ ಮುಗಿದ ದಿನ ಅದೆಲ್ಲ ಸರ್ಕಾರಕ್ಕೆ ಹಿಂದೆ ಬರಬೇಕು. ದಿವಾಣಜಿ ಕೆಲಸ ಬಿಟ್ಟು ಹೋಗುವಾಗ ಕಿರ್ದಿ ಪುಸ್ತಕ ಅಂಗಡಿಯಲ್ಲೇ ಉಳಿಯಬೇಕು.

5. ಕೆಲಸ ಹೊರಗೆ ಕೊಟ್ಟ ಮೇಲೂ ಅದನ್ನು ಬಲ್ಲ ಕೆಲವರು ಸರ್ಕಾರದಲ್ಲಿ ಉಳಿದಿರಬೇಕು. ಲೆಕ್ಕ ಬಾರದ ಯಜಮಾನನ ದಿವಾಣಜಿ ಎಷ್ಟೇ ಪ್ರಾಮಾಣಿಕನಾಗಿದ್ದರೂ ಅವನು ಹೇಳಿದ್ದೇ ಲೆಕ್ಕವಾಗುತ್ತದೆ.

ನಾವು ಮಾಡಬಹುದಾದದ್ದು

ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ ಆರೋಗ್ಯ ಯೋಜನೆ 2018ರ ಸೆಪ್ಟೆಂಬರಿನಲ್ಲಿ ಶುರುವಾಯಿತು. 2024ರ ಅಕ್ಟೋಬರ್ 29ರಿಂದ 70 ವರ್ಷ ಮತ್ತು ಮೇಲ್ಪಟ್ಟ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಅದರ ಬಾಗಿಲು ತೆರೆಯಿತು. ನಮ್ಮ ಮನೆಗಳ ಹಿರಿಯರಿಗೂ ಕಾರ್ಡು ಮಾಡಿಸಬಹುದು. ಆದರೆ ಅದು ಆಸ್ಪತ್ರೆಯ ಚಿಕಿತ್ಸೆಗೆ. ವರ್ಷಗಟ್ಟಲೆ ಹಾಸಿಗೆಯಲ್ಲಿರುವವರ ಆರೈಕೆಯ ಖರ್ಚು ನಮ್ಮ ದೇಶದಲ್ಲಿ ಹೆಚ್ಚಾಗಿ ಮನೆಯವರದೇ. ಪೋಷಕರ ಮತ್ತು ಹಿರಿಯ ನಾಗರಿಕರ 2007ರ ಕಾಯಿದೆಯೂ ಮಕ್ಕಳ ಮೇಲೆಯೇ ಆ ಭಾರ ಇಟ್ಟಿದೆ. ಮಕ್ಕಳು ಪುಣೆ, ಬೆಂಗಳೂರು, ಹೈದರಾಬಾದಿಗೆ ಹೋಗಿ, ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಇಬ್ಬರೇ ವೃದ್ಧರು ಉಳಿದ ಮನೆಗಳು ನಮ್ಮ ಊರುಗಳಲ್ಲಿ ಎಷ್ಟಿಲ್ಲ? ಇಂದಲ್ಲ ನಾಳೆ ನಮ್ಮಲ್ಲೂ ಇಂಥ ಯೋಜನೆ ಬಂದೀತು. ಬಂದಾಗ ಅದರ ಕಾಗದದ ಕೆಲಸ ಕಂಪನಿಗೆ ಹೋಗುವ ಸಂಭವವೇ ಹೆಚ್ಚು.

ಅಲ್ಲಿಯವರೆಗೆ ಕಾಯದೆ ಕೆಲವು ಕೆಲಸ ಈಗಲೇ ಮಾಡಿಟ್ಟುಕೊಳ್ಳಬಹುದು. ಮನೆ ಯಾರ ಹೆಸರಿನಲ್ಲಿದೆ, ಅಂಗಡಿಯಲ್ಲಿ ಯಾರ ಪಾಲು ಎಷ್ಟು, ವಿಮೆ ಯಾವುದು, ಬ್ಯಾಂಕಿನ ಖಾತೆಗೆ ನಾಮಿನಿ ಯಾರು ಎಂಬುದನ್ನು ಒಂದು ವಹಿಯಲ್ಲಿ ಬರೆದು, ಮನೆಯಲ್ಲಿ ಇಬ್ಬರಿಗಾದರೂ ತಿಳಿಸಿಡಿ. ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕಿದೆ. ಮನೆಯ ಮಾತು ಕನ್ನಡ, ಅರ್ಜಿಯ ಭಾಷೆ ಮರಾಠಿ, ತೆಲುಗು, ತಮಿಳು ಅಥವಾ ಮಲಯಾಳ, ಫೋನಿನಲ್ಲಿ ಬರುವುದು ಹಿಂದಿ ಇಲ್ಲವೇ ಇಂಗ್ಲಿಷ್. ಎಂಬತ್ತು ವರ್ಷದ ಅಜ್ಜಿ ಯಾವ ಗುಂಡಿ ಒತ್ತಬೇಕು? ಪ್ರತಿ ಊರಿನ ಸಮಾಜದಲ್ಲಿ ಓದಿದ ತರುಣ ತರುಣಿಯರು ಇಬ್ಬರು ಭಾನುವಾರ ಒಂದು ತಾಸು ಬಸದಿಯ ಕಟ್ಟೆಯ ಮೇಲೆ ಕೂತು ಹಿರಿಯರ ಕಾಗದ ನೋಡಿಕೊಟ್ಟರೆ ಬಹಳ ಉಪಕಾರವಾಗುತ್ತದೆ. ಇದಕ್ಕೆ ಹಣ ಬೇಡ.

ಅರ್ಜಿ ತಿರಸ್ಕಾರವಾಗಿ ಬಂದರೆ ಸುಮ್ಮನೆ ಕೂರಬೇಡಿ. ಯಾರು ತೀರ್ಮಾನ ಮಾಡಿದರು, ಯಾವ ನಿಯಮದ ಮೇಲೆ ಮಾಡಿದರು, ಮೇಲ್ಮನವಿ ಎಲ್ಲಿಗೆ ಎಂದು ಬರವಣಿಗೆಯಲ್ಲೇ ಕೇಳಿರಿ. ಉತ್ತರ ಬಂದರೆ ಅದನ್ನು ಅದೇ ವಹಿಯಲ್ಲಿ ಹಚ್ಚಿಡಿ.